ನಿರ್ಬಂಧಿತ ಕಾರ್ಯಸ್ಥಳಗಳಲ್ಲಿ ಕಾರಿನ ರಿಮೋಟ್ ಕೀ: ಸಾರ್ವಜನಿಕರಿಗೆ ಮಾಹಿತಿ

ವಿದ್ಯುನ್ಮಾನ ಉಪಕರಣಗಳನ್ನು ನಿರ್ಬಂಧಿಸಿರುವ ಕಚೇರಿ, ಪ್ರಯೋಗಾಲಯ ಅಥವಾ ಪರೀಕ್ಷಾ ಕೇಂದ್ರಕ್ಕೆ ತೆರಳುವವರು ಮೊಬೈಲ್ ದೂರವಾಣಿಯನ್ನು ಮನೆಯಲ್ಲಿ ಬಿಟ್ಟು ಬರಬಹುದು; ಕಾರಿನಲ್ಲಿ ಬರುವವರು ಅದರ ಕೀಲಿಕೈಯನ್ನು ಬಿಟ್ಟು ಬರುವಂತಿಲ್ಲ. ರಿಮೋಟ್ ಕೀ ಸಹ ರೇಡಿಯೊ ಅಲೆಗಳನ್ನು ಹೊರಡಿಸುವ ಉಪಕರಣವೇ ಆಗಿರುವುದರಿಂದ, ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಗುಂಡಿ ಇರುವ ಸಾಮಾನ್ಯ ರಿಮೋಟ್ ಕೀ, ಗುಂಡಿ ಒತ್ತಿದಾಗ ಮಾತ್ರ ಸಂಕೇತ ಕಳುಹಿಸುತ್ತದೆ. ಅನೇಕ ಕಾರುಗಳಲ್ಲಿ ಈ ಸಂಕೇತವು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಜೇಬಿನಲ್ಲಿದ್ದರೂ ಬಾಗಿಲು ತೆರೆಯುವ ಸ್ಮಾರ್ಟ್ ಕೀ ಇದಕ್ಕಿಂತ ಭಿನ್ನವಾದುದು. ಕಾರು ಸಮೀಪದಿಂದ ಸುಮಾರು 125 ಕಿಲೋಹರ್ಟ್ಸ್ ಆವರ್ತನದಲ್ಲಿ ಕರೆದಾಗ ಅದು ತಾನಾಗಿಯೇ ಉತ್ತರಿಸುತ್ತದೆ. ಒಡೆಯನಿಗೆ ಅದರ ಅರಿವೂ ಇರುವುದಿಲ್ಲ.

ನಿರ್ಬಂಧ ಏಕಿದೆ ಎಂಬುದನ್ನು ತಿಳಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಕೆಲವೆಡೆ ಕಾರಣ ಗೋಪ್ಯತೆ, ಕೆಲವೆಡೆ ರೇಡಿಯೊ ಮೌನ.

ಎರಡನೆಯದಕ್ಕೆ ನಿದರ್ಶನವನ್ನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೇ ಕಾಣಬಹುದು. ಗೌರಿಬಿದನೂರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು 1970ರ ದಶಕದಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಗಮನಿಸುವ, ಸಾವಿರ ದ್ವಿಧ್ರುವ ಆಂಟೆನಾಗಳ ದೂರದರ್ಶಕವನ್ನು ನಿರ್ಮಿಸಿದವು. 1997ರಲ್ಲಿ ಸೂರ್ಯನ ಕರೋನಾ ವಲಯದ ಅಧ್ಯಯನಕ್ಕೆ ರೇಡಿಯೊ ಹೀಲಿಯೊಗ್ರಾಫ್ ಸಹ ಅಲ್ಲಿ ಆರಂಭವಾಯಿತು. ಕೀಲಿಕೈಯ 433 ಮೆಗಾಹರ್ಟ್ಸ್ ಈ ಆವರ್ತನಗಳಿಂದ ಬಹುದೂರ. ಆದರೆ ಪುಣೆ ಜಿಲ್ಲೆಯ ಖೋಡದ್ ಬಳಿಯ ಬೃಹತ್ ಮೀಟರ್‌ವೇವ್ ರೇಡಿಯೊ ದೂರದರ್ಶಕದ 250ರಿಂದ 500 ಮೆಗಾಹರ್ಟ್ಸ್ ಪಟ್ಟಿಯೊಳಗೆ ಅದು ನೇರವಾಗಿ ಬೀಳುತ್ತದೆ. ನಕ್ಷತ್ರಗಳಿಂದ ಬರುವ ಸಂಕೇತ ಅತ್ಯಂತ ದುರ್ಬಲವಾದುದರಿಂದ ಸಣ್ಣ ಸದ್ದೂ ದೊಡ್ಡದಾಗುತ್ತದೆ. ಆಸ್ಟ್ರೇಲಿಯಾದ ಪಾರ್ಕ್ಸ್ ವೀಕ್ಷಣಾಲಯದಲ್ಲಿ ವರ್ಷಗಟ್ಟಲೆ ಗೊಂದಲ ಉಂಟುಮಾಡಿದ್ದ ಸಂಕೇತಗಳು, ಮೈಕ್ರೋವೇವ್ ಒಲೆಯ ಬಾಗಿಲನ್ನು ಅವಧಿಗೆ ಮುನ್ನ ತೆರೆದುದರ ಫಲವೆಂದು 2015ರಲ್ಲಿ ತಿಳಿದುಬಂದಿತು.

ಗೋಪ್ಯತೆಯ ಸ್ಥಳಗಳಲ್ಲಿ ವಿಚಾರ ಬೇರೆ. ಕಾರಿನ ಕೀಲಿಕೈಗೆ ಕ್ಯಾಮೆರಾ ಇಲ್ಲ, ಧ್ವನಿಗ್ರಾಹಕವೂ ಇಲ್ಲ. ಅಮೆರಿಕದ ಪೆಂಟಗನ್ ಕಟ್ಟಡದ ಕುರಿತು 2018ರಲ್ಲಿ ಹೊರಡಿಸಿದ ಮೊಬೈಲ್ ನಿರ್ಬಂಧದಲ್ಲಿ ವಾಹನದ ಕೀಲಿಕೈಗೆ ವಿನಾಯಿತಿ ನೀಡಲಾಗಿತ್ತು. ಆದರೆ ಅದೇ ಆಕಾರದ ಗುಪ್ತ ಕ್ಯಾಮೆರಾಗಳು ಮಾರುಕಟ್ಟೆಯಲ್ಲಿ ಸಿಗುವುದರಿಂದ ದ್ವಾರಪಾಲಕರ ಸಂಶಯ ನಿರಾಧಾರವಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2023ರ ಅಕ್ಟೋಬರ್‌ನಲ್ಲಿ ನಡೆಸಿದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಬಳಕೆ ಪತ್ತೆಯಾದುದನ್ನು ಅಭ್ಯರ್ಥಿಗಳು ಬಲ್ಲರು. ದ್ವಾರದಲ್ಲಿ ವಾದಿಸಿ ಸಮಯ ಕಳೆದುಕೊಳ್ಳುವುದಕ್ಕಿಂತ, ಪ್ರವೇಶಪತ್ರ ಅಥವಾ ಭೇಟಿಯ ಅನುಮತಿ ಪತ್ರದಲ್ಲಿನ ಸೂಚನೆಯನ್ನು ಮುಂಚಿತವಾಗಿ ಓದಿ, ಅಸ್ಪಷ್ಟವಿದ್ದಲ್ಲಿ ಸಂಬಂಧಪಟ್ಟ ಕಚೇರಿಯಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಸೂಕ್ತ.

ಬ್ಯಾಟರಿ ತೆಗೆದರೆ ಸ್ಮಾರ್ಟ್ ಕೀ ತಾನಾಗಿ ಉತ್ತರಿಸುವುದು ನಿಲ್ಲುತ್ತದೆ. ಆದರೂ ಕಾರು ನಿರುಪಯೋಗಿಯಾಗುವುದಿಲ್ಲ. ಸಾಮಾನ್ಯವಾಗಿ ಒಳಗೆ ಅಡಗಿರುವ ಲೋಹದ ಕೀಲಿಯಿಂದ ಬಾಗಿಲು ತೆರೆದು, ಕೀಲಿಕೈಯನ್ನು ಸ್ಟಾರ್ಟ್ ಗುಂಡಿಗೆ ಅಥವಾ ಕೈಪಿಡಿಯಲ್ಲಿ ತಿಳಿಸಿದ ಜಾಗಕ್ಕೆ ತಾಗಿಸಿ ಚಾಲನೆ ನೀಡಬಹುದು. ಇದನ್ನು ಮನೆಯ ಮುಂದೆ ಒಮ್ಮೆ ಪರೀಕ್ಷಿಸಿ ನೋಡತಕ್ಕದ್ದು. ತೆಗೆದ ಬಿಲ್ಲೆ ಬ್ಯಾಟರಿಯನ್ನು ಮಕ್ಕಳು ನುಂಗಿದರೆ ಪ್ರಾಣಾಪಾಯವಿದೆ, ಎಚ್ಚರ ವಹಿಸುವುದು. ದೂರವಾಣಿಯನ್ನೇ ಕೀಲಿಯಾಗಿ ಬಳಸುವವರು ಅಂದು ಪ್ರತ್ಯೇಕ ಕೀಲಿಕೈಯನ್ನು ತರುವುದು ಅನಿವಾರ್ಯ.

ದ್ವಾರದಲ್ಲಿ ಕೀಲಿಕೈಯನ್ನು ಒಪ್ಪಿಸಬೇಕಾದಲ್ಲಿ ಟೋಕನ್ ಅಥವಾ ರಸೀದಿ ಪಡೆಯದೆ ಒಪ್ಪಿಸಬಾರದು. ಕಾರು ಕಳವಾದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀಲಿಕೈಗಳನ್ನು ಕೇಳುತ್ತವೆ; ಒಂದು ಎಲ್ಲಿತ್ತೆಂದು ತೋರಿಸಲು ಆ ಚೀಟಿಯೇ ಆಧಾರ. ಕಾರಿನೊಳಗೆ ಕೀಲಿಕೈ ಬಿಟ್ಟು ಹೋಗುವುದಂತೂ ಸರ್ವಥಾ ಸಲ್ಲದು. ನಿಲುಗಡೆ ಸ್ಥಳಕ್ಕೆ ಅಂಟಿಕೊಂಡ ಕಿಟಕಿಯಲ್ಲಿಟ್ಟ ಸ್ಮಾರ್ಟ್ ಕೀಯ ಸಂಕೇತವನ್ನು ಇಬ್ಬರು ಸೇರಿ ಉಪಕರಣದ ಮೂಲಕ ಕಾರಿನವರೆಗೆ ದಾಟಿಸಬಲ್ಲರು. ಜೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿಯೇ ಎಂಟು ತಯಾರಕರ ಹತ್ತು ಕಾರುಗಳಲ್ಲಿ ಇದನ್ನು ಸಾಧಿಸಿ ತೋರಿಸಿದ್ದರು. ಬಿಗಿಯಾಗಿ ಮುಚ್ಚುವ ಲೋಹದ ಡಬ್ಬಿಯಲ್ಲಿಟ್ಟು ಒಪ್ಪಿಸಿದಲ್ಲಿ ಈ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ.