ಗುಳಿಗೆಯೂ ಚೀಟಿಯೂ

ಒಂದೆಡೆ ಕೂರದ, ಹೇಳಿದ್ದಕ್ಕೆ ಕಿವಿಗೊಡದ ಹುಡುಗನನ್ನು ನಮ್ಮ ಹಿರಿಯರು ‘ಚೇಷ್ಟೆಯವನು’ ಎಂದು ಬಿಟ್ಟುಬಿಡುತ್ತಿದ್ದರು. ಅಂಥವರಲ್ಲಿ ಕೆಲವರದು ಎ.ಡಿ.ಎಚ್.ಡಿ., ಅಂದರೆ ಗಮನದ ಕೊರತೆ, ಎಂದು ವೈದ್ಯರು ಇಂದು ಗುರುತಿಸುತ್ತಾರೆ; ಅದಕ್ಕೆ ಗುಳಿಗೆಯುಂಟು. ಅದರಿಂದ ಅನೇಕ ಮಕ್ಕಳಿಗೆ ಗುಣ ಕಂಡಿದೆ, ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಆ ಗುಳಿಗೆಯೇ ಕೆಡುಕು ಮಾಡಿದರೆ, ಚಾಮರಾಜನಗರದ ಬಳಿಯ ಬದನಗುಪ್ಪೆಯಂಥ ಊರಿನ ತಂದೆತಾಯಿ ಯಾರ ಬಾಗಿಲು ತಟ್ಟಬೇಕು? ಉತ್ತರ ಹುಡುಕುತ್ತ ನಾನು ಮದ್ದಿನ ಚರಿತ್ರೆಯನ್ನೇ ತೆರೆಯಬೇಕಾಯಿತು.

1937ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ ತನ್ನ ಆಸ್ಪತ್ರೆಯ ಮಕ್ಕಳಿಗೆ ಬೆಂಜೆಡ್ರಿನ್ ಕೊಟ್ಟು, ಅವರು ಪಾಠದಲ್ಲಿ ಮನಸ್ಸಿಟ್ಟುದನ್ನು ಕಂಡ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಪಾನಿಜ್ಜೋನ್ ಮೀಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿಯ ಮುದ್ದುಹೆಸರಾದ ರೀಟಾದಿಂದ ‘ರಿಟಾಲಿನ್’ ಎಂಬ ಹೆಸರು ಹುಟ್ಟಿತು. ನಾಮಕರಣದಲ್ಲಿ ಇದ್ದ ಅಕ್ಕರೆ ಎಚ್ಚರಿಕೆಯ ಮಾತಿನಲ್ಲಿ ಎಲ್ಲೆಡೆ ಕಾಣಲಿಲ್ಲ. ಇದೇ ತೊಂದರೆಗೆಂದು ಪೆಮೊಲಿನ್ ಎಂಬ ಮದ್ದು 1975ರಲ್ಲಿ ಅಮೆರಿಕದ ಪೇಟೆಗೆ ಬಂತು. ಅದು ಕೆಲವರ ಯಕೃತ್ತನ್ನೇ ಕೆಡಿಸಿತು. ಬ್ರಿಟನ್ 1997ರಲ್ಲಿ, ಕೆನಡಾ 1999ರಲ್ಲಿ ಅದನ್ನು ಹಿಂತೆಗೆದವು. ಅಮೆರಿಕದಲ್ಲಿ ಮಾತ್ರ 2005ರವರೆಗೂ ಮಾರಾಟ ನಡೆಯಿತು. ಸಾವಿನಲ್ಲೋ ಯಕೃತ್ತಿನ ಕಸಿಯಲ್ಲೋ ಮುಗಿದ 13 ಪ್ರಕರಣಗಳು ಅಷ್ಟರಲ್ಲಿ ಸರ್ಕಾರದ ಕಡತ ಸೇರಿದ್ದವು. ಅದೇ ವರ್ಷ ಅಟೊಮಾಕ್ಸೆಟಿನ್ ಎಂಬ ಮದ್ದಿಗೆ, ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಮೂಡೀತೆಂಬ ಎಚ್ಚರಿಕೆ ಸೇರಿತು. 2007ರಲ್ಲಿ, ಹೃದಯಕ್ಕೂ ಚಿತ್ತಕ್ಕೂ ಒದಗಬಹುದಾದ ಅಪಾಯಗಳನ್ನು ತಿಳಿಸುವ ಕೈಪಿಡಿ ರೋಗಿಯ ಕೈಗೇ ಸಿಗಬೇಕೆಂದು ಅಲ್ಲಿ ಆಜ್ಞೆಯಾಯಿತು.

ನಮ್ಮ ದೇಶದ ಕಾನೂನಿನ ದಾರಿ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷದ ಸರಕಿಗೆ ತಯಾರಕನನ್ನು ಹೊಣೆ ಮಾಡಿತು, ನಿಜ. ಆದರೆ ಅದರ 87ನೆಯ ಕಲಮನ್ನು ಓದಿ ನೋಡಿ: ತಜ್ಞರ ಉಸ್ತುವಾರಿಯಲ್ಲೇ ಬಳಸಬೇಕಾದ ಸರಕಾದರೆ, ತಯಾರಕ ಆ ತಜ್ಞನಿಗೆ ಎಚ್ಚರಿಕೆ ಮುಟ್ಟಿಸಲು ತಕ್ಕ ಯತ್ನ ಮಾಡಿದ್ದರೆ, ಎಚ್ಚರಿಸಲಿಲ್ಲವೆಂಬ ಆಪಾದನೆಯಿಂದ ಪಾರಾಗುತ್ತಾನೆ. ತಾಯಿಯ ಕಿವಿಗೆ ಅದನ್ನು ಹಾಕುವ ಕೆಲಸ ವೈದ್ಯರದು. ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ.

1986ರ ಹಳೆಯ ಕಾಯಿದೆಯಲ್ಲಿ ಎದುರು ಪಕ್ಷದವರು ಇದ್ದೆಡೆಗೋ ವ್ಯಾಜ್ಯ ಹುಟ್ಟಿದೆಡೆಗೋ ಹೋಗಿ ದೂರು ಕೊಡಬೇಕಿತ್ತು. ಈಗ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಬದನಗುಪ್ಪೆ 1997ರವರೆಗೆ ಮೈಸೂರು ಜಿಲ್ಲೆಗೆ ಸೇರಿತ್ತು. ಇಂದು ಅಲ್ಲಿಯವರು ಚಾಮರಾಜನಗರಕ್ಕೆ ಹೋದರಾಯಿತು. ಆದರೆ ಬಡವನಿಗೊಂದು ತೊಡಕು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆ ಈ ಕಾಯಿದೆಯ ಹೊರಗೆಂದು 1995ರ ಶಾಂತಾ ತೀರ್ಪು ಹೇಳಿತು. ಅಲ್ಲಿನ ತಪ್ಪಿಗೆ ಪರಿಹಾರ ಬೇಕಾದವನು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಕಾಸು ಕೊಟ್ಟವನಿಗೆ ಹತ್ತಿರದ ಬಾಗಿಲು, ಕೊಡಲಾರದವನಿಗೆ ದೂರದ್ದು. ನನಗಂತೂ ಇದು ನ್ಯಾಯವೆನಿಸುವುದಿಲ್ಲ.

ಗ್ರಾಹಕ ಆಯೋಗದಲ್ಲಿ ದೂರಿಗೆ ವಾಯಿದೆ 2 ವರ್ಷ. ಮೀಥೈಲ್‌ಫೆನಿಡೇಟ್ ಔಷಧ ನಿಯಮಗಳ ‘ಎಕ್ಸ್’ ಪಟ್ಟಿಯ ಮದ್ದು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಒಂದನ್ನು ಅಂಗಡಿಯವನು ಇಟ್ಟುಕೊಳ್ಳಬೇಕು. ಎಷ್ಟು ಕಾಲ? ಅದೂ 2 ವರ್ಷವೇ! ಆಮೇಲೆ ಅದು ರದ್ದಿಗೆ ಹೋದರೂ ಕೇಳುವವರಿಲ್ಲ. ಮನೆಯ ಪ್ರತಿಯನ್ನೂ ಬಿಲ್ಲನ್ನೂ ಬ್ಯಾಚ್ ಸಂಖ್ಯೆಯನ್ನೂ ತೊಂದರೆ ಕಂಡ ದಿನಾಂಕವನ್ನೂ ಜೋಪಾನವಾಗಿಡುವುದು ಒಳ್ಳೆಯದು. ಹೆದರಿ ತಾವಾಗಿ ಗುಳಿಗೆ ನಿಲ್ಲಿಸದೆ ಮೊದಲು ವೈದ್ಯರನ್ನು ಕಾಣಬೇಕು.

ಮದ್ದಿನ ಕೆಡುಕುಗಳನ್ನು ದಾಖಲಿಸುವ ಏರ್ಪಾಡು 2010ರಿಂದ ದೇಶದಾದ್ಯಂತ ಇದೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಅದರ ಕೇಂದ್ರವುಂಟು. ವೈದ್ಯರೇ ಬರೆಯಬೇಕೆಂದಿಲ್ಲ, ಮನೆಯವರೂ ತಿಳಿಸಬಹುದು. ಅದರಿಂದ ಪರಿಹಾರದ ಹಣ ಬಾರದು. ಪೆಮೊಲಿನ್ ಅನ್ನು ಪೇಟೆಯಿಂದ ಇಳಿಸಿದ್ದು ಇಂಥ 13 ವರದಿಗಳು.