ಸೆಂಟ್ರಲ್ ಕಾಲೇಜಿನ ಋಣ

ಕೀರ್ತಿವಂತರಾದ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ಸನ್ಮಾನಿಸುವುದು ಕಾಲೇಜುಗಳ ಸತ್ಸಂಪ್ರದಾಯ. ಆ ಹಾರ ತುರಾಯಿಗಳ ಹಿಂದೆ ಇರುವ ಋಣವೆಂತಹುದೆಂಬುದನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಚರಿತ್ರೆಯಿಂದ ತಿಳಿಯಬಹುದು.

1858ರಲ್ಲಿ ಹೈಸ್ಕೂಲಾಗಿ ಹುಟ್ಟಿದ ಈ ಸಂಸ್ಥೆಗೆ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರಾಯಿತು. ಆಗ ಅದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದಿತು. ಬಡತನದಲ್ಲಿ ಬೆಳೆದು, ಮನೆಪಾಠ ಹೇಳಿ ಜೀವಿಸುತ್ತ ಓದಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1881ರಲ್ಲಿ ಇಲ್ಲಿ ಬಿ.ಎ. ಪದವೀಧರರಾದರು. ಅವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅವರು ಓದಿದ ಕಾಲೇಜೇ ಅದರ ವಿಜ್ಞಾನ ವ್ಯಾಸಂಗಕ್ಕೆ ನೆಲೆಯಾಯಿತು. ಶಿಷ್ಯನು ತೀರಿಸಿದ ಋಣವೆಂದರೆ ಇದಲ್ಲವೆ? ಆ ಫಲವನ್ನುಂಡವರಲ್ಲಿ ಒಬ್ಬರು, 1951ರಲ್ಲಿ ಇಲ್ಲಿಯೇ ಬಿ.ಎಸ್‌ಸಿ. ಪಡೆದು ರಸಾಯನಶಾಸ್ತ್ರದಲ್ಲಿ ಲೋಕವಿಖ್ಯಾತರಾದ ಸಿ.ಎನ್.ಆರ್. ರಾವ್. ಮೊದಲನೆಯವರಿಗೆ 1955ರಲ್ಲಿ, ಎರಡನೆಯವರಿಗೆ 2014ರಲ್ಲಿ ಭಾರತರತ್ನವು ಸಂದಿತು.

ಇವರಿಬ್ಬರಿಗಿಂತ ಮೊದಲೇ, 1954ರಲ್ಲಿ, ಆ ಗೌರವವನ್ನು ಪಡೆದ ಚಕ್ರವರ್ತಿ ರಾಜಗೋಪಾಲಾಚಾರ್ಯರೂ ಇದೇ ಕಾಲೇಜಿನ 1894ರ ಪದವೀಧರರು. ಅವರು ಹುಟ್ಟಿದ್ದು ನಮ್ಮ ಹೊಸೂರು ಸೀಮೆಯ ತೊರಪಳ್ಳಿಯಲ್ಲಿ. ಬಾಲ್ಯದಲ್ಲಿ ಕಲಿತದ್ದು ಹೊಸೂರಿನ ಶಾಲೆಯಲ್ಲಿ.

ಕಾಲೇಜಿನ ಸನ್ಮಾನಪತ್ರದಲ್ಲಿ ಅಕ್ಷರ ತಿದ್ದಿಸಿದ ಉಪಾಧ್ಯಾಯರ ಹೆಸರಿರುವುದಿಲ್ಲ. ಅದಕ್ಕಾಗಿ ನಾವು ಕೊರಗಬೇಕಾಗಿಲ್ಲ. ಆದರೆ ಗಡಿನಾಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಒಂದು ಮುಚ್ಚಿದರೂ, ಅಂತಹ ಕಾಲೇಜಿಗೆ ಹೋಗುವ ದಾರಿಯೊಂದು ಇಲ್ಲಿಯೇ ಮುಚ್ಚಿದಂತೆ. ವಿದ್ಯಾರ್ಥಿಗಳೇ, ನಾಳೆ ನಿಮಗೆ ಹಾರ ಬಿದ್ದಾಗ, ಮೊದಲ ಮಣೆ ಹಾಕಿದ ಶಾಲೆಯ ಕಡೆಗೊಮ್ಮೆ ತಿರುಗಿ ನೋಡಿರಿ.