‘ಚಿಕವೀರ ರಾಜೇಂದ್ರ’ದ ಅಂತಃಪುರ

ಕೋಲಾರ ಸೀಮೆಯು ಕನ್ನಡಕ್ಕೆ ಕೊಟ್ಟ ಹಿರಿಯರಲ್ಲಿ ಮುಳಬಾಗಿಲಿನ ಡಿ.ವಿ.ಜಿ. ಒಬ್ಬರು, ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮತ್ತೊಬ್ಬರು. 1956ರಲ್ಲಿ ಹೊರಬಂದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯು ಕೊಡಗಿನ ಕಡೆಯ ಅರಸನ ಕಥೆ. ಅರಸನ ದುರಾಚಾರ, ಮಂತ್ರಿಗಳ ಸಂದಿಗ್ಧ, ಕುಂಪಣಿಯವರ ಹೊಂಚು, ಈ ಮೂರರಿಂದ ರಾಜ್ಯವು ಅಳಿಯಿತೆಂದು ವಿಮರ್ಶಕರು ಇದನ್ನು ವಿವರಿಸುವುದು ವಾಡಿಕೆ. ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದೆನು.

ಶ್ರೀನಿವಾಸಪುರದಲ್ಲಿ ಉಪಾಧ್ಯಾಯನಾಗಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಮದುವೆಯಾದ ತಂಗಿಯನ್ನು ಸೆರೆಯಲ್ಲಿಡುವ ಅಧಿಕಾರ ಅಣ್ಣನಿಗೆ ಎಲ್ಲಿಂದ ಬಂತು, ಸಾರ್?” ಎಂದು ಕೇಳಿದಳು. ಅಂದು ಉತ್ತರ ಹೊಳೆಯಲಿಲ್ಲ. ಪುಸ್ತಕವನ್ನು ಮತ್ತೆ ತೆರೆದು ನೋಡಿದರೆ ಕಥೆಯ ಮೊದಲ ಗಂಟೇ ಅದಾಗಿತ್ತು.

ಚರಿತ್ರೆಯಲ್ಲಿ ಈ ಅಧಿಕಾರದ ಬೇರು ಹಿಂದಿನ ತಲೆಮಾರಿನಲ್ಲಿದೆ. ಪಟ್ಟದರಸಿ ಮಹದೇವಮ್ಮಾಜಿಯಲ್ಲಿ ಗಂಡು ಸಂತಾನವಾಗದಿರಲು ದೊಡ್ಡವೀರರಾಜೇಂದ್ರನು ತನ್ನ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಬಯಸಿದನು. 1809ರಲ್ಲಿ ಅವನು ತೀರಿಕೊಂಡಾಗ ಆ ಹುಡುಗಿ ರಾಣಿಯಾದಳು. ಎರಡೇ ವರ್ಷಗಳಲ್ಲಿ ಚಿಕ್ಕಪ್ಪ ಲಿಂಗರಾಜನು ಅವಳನ್ನು ಬದಿಗೊತ್ತಿ ತಾನೇ ಗದ್ದುಗೆಯೇರಿದನು. ಚಿಕವೀರನು ಈ ಲಿಂಗರಾಜನ ಮಗ. ಅವನ ತಂಗಿಯ ಹೆಸರೂ ದೇವಮ್ಮಾಜಿಯೇ! ಹೆಣ್ಣಿಗೂ ಪಟ್ಟಕ್ಕೆ ಹಕ್ಕುಂಟೆಂಬ ನೆನಪು ಮಾಸದ ಮನೆಯಲ್ಲಿ ತಂಗಿ, ಭಾವಮೈದುನರ ಮೇಲೆ ಅರಸನಿಗೆ ಅಂಜಿಕೆ ಹುಟ್ಟಿದ್ದು ಸಹಜ. ಆ ಅಂಜಿಕೆಯೇ ಕ್ರೌರ್ಯವಾಯಿತು. 1832ರಲ್ಲಿ ಆಕೆ ಗಂಡನೊಡನೆ ಮೈಸೂರಿಗೆ ಓಡಿಹೋಗಿ ಇಂಗ್ಲಿಷ್ ರೆಸಿಡೆಂಟನ ಮೊರೆಹೊಕ್ಕಳು. ಅವರನ್ನು ಒಪ್ಪಿಸಿರೆಂದು ಅರಸನು ಹಟ ಹಿಡಿದನು. ಕುಂಪಣಿಗೆ ಬೇಕಾಗಿದ್ದ ನೆಪವು ಒದಗಿತು. 1834ರಲ್ಲಿ ಕೊಡಗು ಕೈಬಿಟ್ಟಿತು. ಕಾದಂಬರಿಯಲ್ಲಂತೂ ದೇವಮ್ಮಾಜಿಯ ಕೂಸೂ ಅಣ್ಣನ ಕೋಪಕ್ಕೆ ಬಲಿಯಾಗುತ್ತದೆ.

ಹಾಲೇರಿಯ ಅರಸರು ವೀರಶೈವರೆಂಬುದು ಈ ಪತ್ರಿಕೆಯ ವಾಚಕರಿಗೆ ತಿಳಿದದ್ದೇ. ಲಿಂಗದೀಕ್ಷೆಯಲ್ಲಿ ಹೆಣ್ಣು ಗಂಡೆಂಬ ಭೇದವೆಣಿಸದ ಮತವು ಅರಮನೆಯೊಳಗೆ ಹೆಣ್ಣಿನ ಕಾಲಿಗೆ ಬಿದ್ದ ಸಂಕೋಲೆಯನ್ನು ಬಿಡಿಸಲಾರದೆ ಹೋಯಿತು. ಇದನ್ನು ಮುಚ್ಚಿಡುವುದು ಶರಣರಿಗೆ ಸಲ್ಲಿಸುವ ಗೌರವವಲ್ಲ.

ರಾಣಿ ಗೌರಮ್ಮನನ್ನು ಮಾಸ್ತಿಯವರು ಬಲು ಮಮತೆಯಿಂದ ಚಿತ್ರಿಸಿದ್ದಾರೆ. ಆಕೆಯ ತಾಳ್ಮೆಯನ್ನು ಹೊಗಳದ ವಿಮರ್ಶಕರಿಲ್ಲ. ನನಗೆ ಮಾತ್ರ ಆಕೆಯ ಜೊತೆಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ಲಕ್ಕಮ್ಮನು ತಿದ್ದಿದಳು, ಮಾರಯ್ಯನು ತಿದ್ದಿಕೊಂಡನು. ಗೌರಮ್ಮನೂ ಗಂಡನಿಗೆ ಬುದ್ಧಿ ಹೇಳುತ್ತಾಳೆ, ನಾದಿನಿಯ ಬಿಡುಗಡೆಗಾಗಿ ಹೆಣಗುತ್ತಾಳೆ. ಆದರೆ ಕೇಳುವ ಕಿವಿ ಅವನಿಗಿಲ್ಲ, ಕೇಳಿಸುವ ಬಲ ಇವಳಿಗಿಲ್ಲ. ಇಬ್ಬರು ಹೆಂಗಸರ ವಿವೇಕದಲ್ಲಿ ಅಂತರವಿಲ್ಲ. ಒಬ್ಬಳದು ಕಾಯಕದ ಗುಡಿಸಲು, ಇನ್ನೊಬ್ಬಳದು ಅರಮನೆ. ಗೌರಮ್ಮನ ಸಹನೆಯನ್ನು ಆದರ್ಶವೆನ್ನಲು ನನಗೆ ಮನಸ್ಸೊಪ್ಪದು. ಅದು ಆಕೆಗೆ ಉಳಿದಿದ್ದ ಒಂದೇ ದಾರಿ. ಲಿಂಗರಾಜನಿಂದ ವಂಚಿತಳಾದ ಭಗವತಿಗೆ ಆ ದಾರಿಯೂ ಇರಲಿಲ್ಲ. ಆಕೆಯ ಮಗನೇ ಅರಸನ ಬೆನ್ನಿಗಿರುವ ಕುಂಟ ಬಸವ.

ಕಾಶಿಯಲ್ಲಿ ಸೆರೆಯಾಳಾಗಿದ್ದ ಚಿಕವೀರನು 1852ರಲ್ಲಿ ಮಗಳು ಗೌರಮ್ಮನನ್ನು ಲಂಡನ್ನಿಗೆ ಕರೆದೊಯ್ದನು. ವಿಕ್ಟೋರಿಯಾ ರಾಣಿಯೇ ನಿಂತು ಆ ಹುಡುಗಿಗೆ ಕ್ರೈಸ್ತದೀಕ್ಷೆ ಕೊಡಿಸಿ ತನ್ನ ಹೆಸರಿಟ್ಟಳು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪಸಿಂಗನಿಗೆ ಅವಳನ್ನು ಕೊಡಬೇಕೆಂದು ಅಲ್ಲಿ ಆಲೋಚನೆ ನಡೆಯಿತು. ಅದು ಕೂಡಿಬರದೆ 1860ರಲ್ಲಿ ಇಂಗ್ಲಿಷ್ ಸೈನ್ಯಾಧಿಕಾರಿಯೊಬ್ಬನೊಡನೆ ಮದುವೆಯಾಯಿತು. ತಂದೆ ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದನು. 1864ರಲ್ಲಿ ಆಕೆಯೂ ತೀರಿಕೊಂಡಳು. ಕೊಡಗನ್ನು ಒಮ್ಮೆಯೂ ಕಂಡವಳಲ್ಲ.